ಎಡಗೈಯಲ್ಲಿ ತಿರುಗಿದ ರಾಟಿ

ಗಂಜಿ ಹಾಕಿದ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಜಮಖಂಡಿಯ ಈ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಅಂಥದೊಂದು ಮಡಿಕೆ ಬಿಚ್ಚಿದರೆ ಸಾಕು, ಬನಹಟ್ಟಿಯ ನಮ್ಮ ಮನೆಯ ಪಡಸಾಲೆಗೆ ಹೋಗಿಬಿಡುತ್ತೇನೆ. ಒಳಗೆ ನಮ್ಮ ಚಿಕ್ಕಪ್ಪ, ಕಾಕಾನ ಪಾವರ್‌ಲೂಮು ಗೋಡೆ ನಡುಗುವಂತೆ ಬಡಿಯುತ್ತಿತ್ತು. ಹೊರಗೆ ದೊಡ್ಡವ್ವ, ಅಂದರೆ ತೀರಿಹೋದ ನಮ್ಮ ದೊಡ್ಡಪ್ಪನ ಹೆಂಡತಿ, ರಾಟಿ ತಿರುಗಿಸುತ್ತ ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಆ ಗದ್ದಲದಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ನಾವಿಬ್ಬರೂ ಮುಖದಲ್ಲೇ ಮಾತಾಡುತ್ತಿದ್ದೆವು. ಹುಬ್ಬು ಹಾರಿಸಿ ನನ್ನನ್ನು ಹತ್ತಿರ ಕರೆಯುವಳು. ಬಾಯಿ ಸೊಟ್ಟ ಮಾಡಿ ಕಾಕಾನ ಸಿಟ್ಟನ್ನು ಅಣಕಿಸುವಳು. ನಾನು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ.

ಅವಳಿಗೆ ಬಿಪಿ ಇತ್ತು. ದಿನಾ ನುಂಗಬೇಕಾದ ಗುಳಿಗೆಯನ್ನು ತಲೆನೋವಿನ ದಿನಕ್ಕೆಂದು ಎತ್ತಿಡುತ್ತಿದ್ದಳು. "ಆರಾಮ ಇದ್ದಾಗ ಗುಳಿಗಿ ಯಾಕಬೇ?" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನಾನು ಸಾಲೆಯಿಂದ ಬಂದಾಗ ರಾಟಿಯನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದಳು. "ದೊಡ್ಡವ್ವ ಎಡಚಿ ಆಗ್ಯಾಳ!" ಎಂದು ಚೀರಿದೆ. ನನ್ನತ್ತ ತಿರುಗಿ ನಕ್ಕಳು. ನಗು ಒಂದೇ ಬದಿಗೆ ಬಂತು. ಅಣಕಿಸುತ್ತಿದ್ದಾಳೆಂದುಕೊಂಡು ನಾನೂ ಬಾಯಿ ಸೊಟ್ಟ ಮಾಡಿ ತೋರಿಸಿದೆ. ಅಷ್ಟರಲ್ಲಿ ಕಾಕಾ ಕಂಡಿಕೆಯೊಂದನ್ನು ಹಿಡಿದು ಹೊರಬಂದು ಅತ್ತಿಗೆಯನ್ನು ಕೇಳಿದ.

"ಯಾಕ್ರೀ ವೈನಿ, ಇಷ್ಟ ಸಡ್ಲ ಸುತ್ತೀರಿ?"

"ಬಲಗೈ ಜೋಮ ಹಿಡದೈತಪಾ. ಇದೊಂದ ಸೀರಿ ಮುಗೀಲಿ, ಆಮ್ಯಾಲ ಮಕ್ಕೋತೇನಿ," ಎಂದಳು. ಮಾತು ತೊದಲುತ್ತಿತ್ತು. ಮಗ್ಗದ ಸದ್ದಿನಲ್ಲಿ ಕಾಕಾನಿಗೆ ಅದು ಗೊತ್ತಾಗಲಿಲ್ಲ. ಕೈಯಲ್ಲಿದ್ದ ಕಂಡಿಕೆ ಬಿಟ್ಟು ಅವಳ ಮುಖವನ್ನು ಅವನು ನೋಡಲೂ ಇಲ್ಲ. ಸೀರೆ ಮುಗಿಯಿತು. ಸಂಜೆ ಹೊತ್ತಿಗೆ ಅವಳು ರಾಟಿಯ ಮೇಲೇ ವಾಲಿದಳು. ಆಟೋದಲ್ಲಿ ದವಾಖಾನೆಗೆ ಒಯ್ದರೆ, ಲಕ್ವಾ ಹೊಡೆದು ಬಲಗಡೆಯ ಮೈ ಸ್ವಾಧೀನ ತಪ್ಪಿದೆ, ಮುಖ ವಾರೆಯಾದ ಕೂಡಲೇ ತರಬೇಕಿತ್ತು ಎಂದರು ಡಾಕ್ಟರು. ಮುಖ ವಾರೆಯಾದದ್ದನ್ನು ನೋಡಿದವಳು ನಾನೊಬ್ಬಳೇ. ಅದನ್ನು ಇಂದಿನವರೆಗೂ ಯಾರಿಗೂ ಹೇಳಿಲ್ಲ.

ಆಮೇಲೆ ಎರಡು ವರ್ಷ ಮಾತಿಲ್ಲದೆ ಪಡಸಾಲೆಯಲ್ಲೇ ಮಲಗಿದ್ದಳು. ದೂರದಿಂದ ನನ್ನನ್ನು ಕಂಡರೆ ಹುಬ್ಬು ಹಾರಿಸುತ್ತಿದ್ದಳು. ಆ ಮನೆಯಲ್ಲಿ ಅವಳ ಮುಖದ ಮಾತು ಬಲ್ಲವಳು ನಾನೊಬ್ಬಳೇ ಇದ್ದೆ. ಆದರೆ ಆ ಮುಖ ಕಂಡರೆ ನನಗೆ ಹೆದರಿಕೆ. ಕಾಣದವಳಂತೆ ಮಗ್ಗದ ಕಡೆ ಹೋಗಿಬಿಡುತ್ತಿದ್ದೆ. ಅವಳು ಹೋದಳು, ಮಗ್ಗ ಮಾರಿದೆವು, ಮನೆಯೂ ಕೈಬಿಟ್ಟುಹೋಯಿತು.

ಈಗ ನನಗೂ ಬಿಪಿ. ದಿನಾ ಬೆಳಿಗ್ಗೆ ಗುಳಿಗೆ ನುಂಗಿ ಕನ್ನಡಿಯ ಮುಂದೆ ನಿಂತು ಒಮ್ಮೆ ನಗುತ್ತೇನೆ. ನಗು ಎರಡೂ ಬದಿಗೆ ಬರುತ್ತದೆ. ಬಾರದಿದ್ದರೆ ಹೇಳಲು ಇಲ್ಲಿ ಯಾರೂ ಇಲ್ಲ. ಕೆಲವು ದಿನ ಕನ್ನಡಿಯಲ್ಲಿ ನನ್ನ ಹಿಂದಿನ ಖಾಲಿ ಬಾಗಿಲನ್ನು ನೋಡುತ್ತ ಹುಬ್ಬು ಹಾರಿಸುತ್ತೇನೆ. ಯಾರೂ ಹತ್ತಿರ ಬರುವುದಿಲ್ಲ.