ಸುಳ್ಳು ಕೂಗಿಗೆ ಹೋದ ಓಟ

ಮಗಳ ಸಾಫ್ಟ್‌ಬಾಲ್ ಬೂಟಿಗೆ ಚೌಕಾಶಿ ಮಾಡದೆ ಎರಡು ಸಾವಿರ ಕೊಟ್ಟೆ. ಅವಳು ನನ್ನ ಅಣ್ಣನ ಮಗಳನ್ನು ಸೋಲಿಸಲೇಬೇಕೆಂಬ ಹೊಟ್ಟೆಕಿಚ್ಚು.

ಬೈಲಹೊಂಗಲದ ಪಂದ್ಯದಲ್ಲಿ ನನ್ನವಳು ಗೆಲುವಿನ ಓಟಕ್ಕೆ ಓಡುತ್ತಿದ್ದಳು. ಎದುರು ತಂಡದ ಅಣ್ಣನ ಮಗಳು, ಕೈಯಲ್ಲಿ ಚೆಂಡಿಲ್ಲದೆಯೇ, "ಫೌಲ್ ಆತು, ಹೊಳ್ಳಿ ಹೋಗ!" ಎಂದು ಕೂಗಿದಳು. ಹೊಡೆದ ಚೆಂಡು ಗೆರೆಯಾಚೆ ಬಿತ್ತೆಂದು ನಂಬಿ ಇವಳು ತಿರುಗಿದಳು, ಔಟಾದಳು.

"ಕಾಲಿಗೆ ಬೂಟು ಕೊಡಿಸಿದಿ, ಕಿವಿಗೆ ಬೂಚು ಕೊಡಿಸಲಿಲ್ಲೇನೋ ತಮ್ಮಾ?" ಎಂದು ಅಣ್ಣ ನಕ್ಕ. ಅಂಥ ಚುರುಕು ಮಗಳು ಅವನಿಗಿದ್ದಾಳಲ್ಲ ಎಂದು ಉರಿದು ಜಗಳಕ್ಕೆ ನಿಂತೆ. ಜಗಳ ಮುಗಿಸಿ ಕೋಚನ್ನು ಅಂಪೈರ್ ಬಳಿ ಕಳಿಸುವಷ್ಟರಲ್ಲಿ ಮುಂದಿನ ಚೆಂಡು ಎಸೆದಾಗಿತ್ತು.

"ಈಗ ಬಂದ್ರ ಹೆಂಗ್ರಿ? ತಡಾ ಆತು," ಎಂದರು ಅಂಪೈರ್.

ಮೈ ಮುಟ್ಟದಿದ್ದರೂ, ಸುಳ್ಳು ಕೂಗಿ ಓಡುವವಳನ್ನು ತಡೆದರೆ ಆಟದ ನಿಯಮದಲ್ಲಿ ಅದು ಅಡ್ಡಿಯೇ. ಅವಳು ತಲುಪುತ್ತಿದ್ದ ಬೇಸನ್ನು ಅಂಪೈರ್ ಕೊಡಲೇಬೇಕು. ನೀವು ಮಾತ್ರ ದಾಯಾದಿ ಜಗಳ ಆಮೇಲೆ ಇಟ್ಟುಕೊಳ್ಳಿ. ಮುಂದಿನ ಚೆಂಡಿಗಿಂತ ಮೊದಲೇ ಕೋಚನ್ನು ಅಂಪೈರ್ ಬಳಿ ಓಡಿಸಿ.