ಹೂವಿನ ಬುಟ್ಟಿ ಎಂದು ಬರೆದವಳು

ಶಾಯಿ ಮಾತ್ರೆ ನೀರಿನಲ್ಲಿ ಕರಗುವಾಗ ಏಳುತ್ತಿದ್ದ ಆ ಒಗರು ವಾಸನೆ ಈಗ ಎಲ್ಲಿಯೂ ಇಲ್ಲ. ಆದರೂ ಮೀನುಪೇಟೆಯ ಬಳಿ ಹಾದಾಗಲೆಲ್ಲ ನನ್ನ ಮೂಗಿಗೆ ಅದು ಬಂದೇ ಬರುತ್ತದೆ. ಎರಡಕ್ಕೂ ಎಂತ ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ. ಯುದ್ಧದ ಕಾಲ, ಕಾಗದಕ್ಕೆ ಬರ. ಕುಂದಾಪುರದ ನಮ್ಮ ಶಾಲೆಯ ಕನ್ನಡ ಮಾಷ್ಟ್ರು ಆಗಲೂ ಹಟ ಬಿಡದೆ ಕೈಬರಹದ ಪತ್ರಿಕೆ ಹೊರಡಿಸುತ್ತಿದ್ದರು. ಒಂದೇ ಪ್ರತಿ, ಅದೇ ಮನೆಯಿಂದ ಮನೆಗೆ ತಿರುಗಬೇಕು. "ಪುಸ್ತಕದಲ್ ಓದಿದ್ ಬ್ಯಾಡ, ನಿಮ್ಮನಿಯಲ್ ಕಂಡದ್ ಬರಿನಿ ಮಕ್ಳೆ" ಎನ್ನುತ್ತಿದ್ದರು. ನಾವು ಸ್ಲೇಟಿನ ಮೇಲೆ ಬರೆಯುವುದು, ಅದನ್ನು ನಾನು ಕಾಗದಕ್ಕಿಳಿಸಿ ಸ್ಲೇಟು ಒರೆಸಿ ಕೊಡುವುದು. ಅಕ್ಷರ ಚೆಂದವೆಂದು ಆ ಪಟ್ಟ ನನಗೆ. ನಮ್ಮ ಮನೆಯ ಜಗಲಿಯಲ್ಲಿ ಅಜ್ಜಯ್ಯನ ಮೇಜಿನ ಮುಂದೆ ಕೂತರೆ ನನ್ನ ಬಿಂಕ ನೋಡಬೇಕಿತ್ತು!

ಗಂಗೊಳ್ಳಿಯಿಂದ ದೋಣಿಯಲ್ಲಿ ಬರುತ್ತಿದ್ದ ಸೀತು ನನ್ನ ಬೆಂಚಿನ ಗೆಳತಿ. ಹದಿನಾಲ್ಕಾಯಿತು, ಇನ್ನು ಓದು ಸಾಕೆಂದು ಅವಳ ಅಬ್ಬಿ, ಅಂದರೆ ತಾಯಿ, ಹಟ ಹಿಡಿದಿದ್ದಳು. ಮೀನಿನ ಹೆಡಿಗೆ ಹೊತ್ತು ಊರೂರು ತಿರುಗುವ ಆ ಅಬ್ಬಿಯ ಬಗ್ಗೆಯೇ ಸೀತು ಬರೆದಳು. ಕಡೆಯ ಸಾಲು ಓದಿ ಮಾಷ್ಟ್ರು ಕನ್ನಡಕ ಒರೆಸಿಕೊಂಡರು. "ಅಬ್ಬಿನ ಕರ್ಕಂಡ್ ಬಾ. ಇದನ್ ಕೇಂಡ್ರೆ ಅವ್ಳ್ ನಿನ್ನ ಶಾಲಿ ಬಿಡ್ಸುದಿಲ್ಲ" ಎಂದರು.

ನಾನೇನು ಮಾಡಿದೆ ಕೇಳಿ. ಪತ್ರಿಕೆ ಮೊದಲು ಬರುವುದು ನಮ್ಮ ಮನೆಗೆ. ಪೂಜೆ ಮುಗಿಸಿ ಓದುವವರು ಅಜ್ಜಯ್ಯ. ಮೀನೆಂಬ ಮಾತನ್ನೂ ಆಡದ ಮನೆ ನಮ್ಮದು. ಸೀತುವನ್ನು ಯಾರೂ ಹಗುರಾಗಿ ಕಾಣಬಾರದೆಂದು, ದೇವರಾಣೆ ಒಳ್ಳೆಯ ಮನಸ್ಸಿನಿಂದಲೇ, ಹೆಡಿಗೆಯನ್ನು ಹೂವಿನ ಬುಟ್ಟಿ ಮಾಡಿದೆ. ಬಂಗುಡೆ ಮೀನು ಮಲ್ಲಿಗೆಯಾಯಿತು. ಸ್ಲೇಟು ಒರೆಸಿಬಿಟ್ಟೆ.

ಅಬ್ಬಿ ಹೆಡಿಗೆಯನ್ನು ಹೊರಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ತರಗತಿಯ ಬಾಗಿಲಲ್ಲಿ ನಿಂತಳು. ಮಾಷ್ಟ್ರು ನನಗೇ ಓದಲು ಹೇಳಿದರು. ಓದಿದೆ. ಮುಗಿಯುವ ಮೊದಲೇ ಅವಳ ಮುಖ ಕಪ್ಪಿಟ್ಟಿತು. "ನಾ ಯಾವತ್ತ್ ಹೂ ಮಾರಿದ್ದೆ? ಹುಟ್ಸಿದ್ ಅಬ್ಬಿ ಕೆಲ್ಸ ಹೇಳುಕೆ ನಾಚ್ಕಿ ಆಪು ಹಾಂಗ್ ಕಲ್ಸು ಶಾಲಿ ನಮ್ಗ್ ಬ್ಯಾಡ." ಮಾಷ್ಟ್ರು "ಅದ್ ಹಾಂಗಲ್ಲ" ಎನ್ನುತ್ತ ಹೊರಟವಳ ಹಿಂದೆಯೇ ಹೋದರು, ತೋರಿಸೋಣವೆಂದರೆ ಸ್ಲೇಟು ಖಾಲಿ. ಸೀತು ನನ್ನನ್ನೇ ನೋಡಿದಳು. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅವಳೂ ನನ್ನ ಹೆಸರು ಹೇಳಲಿಲ್ಲ. ಮರುದಿನದಿಂದ ಬೆಂಚಿನಲ್ಲಿ ನಾನೊಬ್ಬಳೇ.

ಅಜ್ಜಯ್ಯ ಹೋದರು, ಜಗಲಿ ಹೋಯಿತು, ಪತ್ರಿಕೆಯನ್ನು ಗೆದ್ದಲು ತಿಂದಿತು. ನಾನು ಒರೆಸಿದ ಆ ಕಡೆಯ ಸಾಲು ಮಾತ್ರ ಇನ್ನೂ ಬಾಯಿಪಾಠ. ಇಗೋ ಸೀತು, ನೀನು ಬರೆದ ಹಾಗೆಯೇ ಬರೆದಿದ್ದೇನೆ: "ನನ್ನಬ್ಬಿ ತಬ್ಕಂಡ್ರೆ ಬಂಗ್ಡಿ ವಾಸ್ನಿ. ಆ ವಾಸ್ನಿ ಬಾರ್ದಿದ್ರೆ ನಂಗ್ ನಿದ್ದಿ ಬತ್ತಿಲ್ಲೆ."