ಬಗ್ಗದ ಕಿರೀಟ

ದೋಹಾದ ಒಂದು ಉತ್ಸವದಲ್ಲಿ ನನಗೆ ವೇದಿಕೆ ಹಿಂದಿನ ಕೆಲಸ. ಕಾರ್ನಿವಲ್ ಹಬ್ಬದಲ್ಲಿ ವೇಷ ಹಾಕಿ ಹಾಡುವ ಕಪ್ಪು ಅಮೆರಿಕನ್ನರ ತಂಡ ಬಂದಿತ್ತು. ಅವರ ಮುಖ್ಯಸ್ಥರು ವರ್ಷವಿಡೀ ಕೂತು ಹೊಲಿದು ತಲೆಗೆ ತೊಟ್ಟಿದ್ದ ಗರಿಗಳ ಕಿರೀಟ, ವೇದಿಕೆಯ ದಾರಿಗೆ ನಾವು ಮೊಳೆ ಹೊಡೆದು ನಿಲ್ಲಿಸಿದ್ದ ಪ್ಲೈವುಡ್ ಬಾಗಿಲಿಗಿಂತ ಎತ್ತರವಿತ್ತು. ಕಾರ್ಯಕ್ರಮಕ್ಕೆ ಹೊತ್ತಾಗಿತ್ತು.

“ಸ್ವಲ್ಪ ಬಗ್ಗಿ ಬನ್ನಿ ಸರ್” ಅಂದೆ.

ಅವರು ನನ್ನನ್ನು ಬಿಟ್ಟು ತಂಡದ ಕಡೆ ತಿರುಗಿ ಒಂದು ಸಾಲು ಹಾಡಿದರು. ಇಡೀ ತಂಡ ಖಂಜಿರ ಬಡಿದು ಒಂದೇ ದನಿಯಲ್ಲಿ ಉತ್ತರ ಹಾಡಿತು.

“ಏನಂತೆ?” ಎಂದು ಖಂಜಿರದವನನ್ನು ಕೇಳಿದೆ.

“ಬಗ್ಗಬೇಕಾ ಅಂತ ಕೇಳಿದ್ರು, ಬೇಡ ಅಂದ್ವಿ. ನಮ್ಮ ಮುಖ್ಯಸ್ಥರು ಯಾರಿಗೂ ಬಗ್ಗೋದಿಲ್ಲ.”

ಮ್ಯಾನೇಜರ್‌ಗೆ ಫೋನ್ ಮಾಡಿದೆ. “ಯಲ್ಲಾ, ಬೇಗ ಬೇಗ, ಬಾಗಿಲು ಕಿತ್ತು ಹಾಕು” ಅಂದರು. ಚೌಕಟ್ಟು ಸಮೇತ ಕಿತ್ತೆವು. ಮುಖ್ಯಸ್ಥರು ನೆಟ್ಟಗೆ ದಾಟಿದರು.

ಆ ಬಾಗಿಲಿನ ಆಚೆಗೇ ಮ್ಯಾನೇಜರ್ ರೂಮು. ನಾನು ಗಿಡ್ಡ, ತಲೆ ಮೇಲೆ ಕೂದಲೂ ಇಲ್ಲ. ಆದರೂ ಉತ್ಸವ ಮುಗಿಯುವ ತನಕ, ಮ್ಯಾನೇಜರ್ ಕರೆದಾಗಲೆಲ್ಲ, ಬಾಗಿಲೇ ಇಲ್ಲದ ಆ ಜಾಗವನ್ನು ಬಗ್ಗಿಯೇ ದಾಟಿದೆ.